ಆವಿಯಣ್ಣ ಕೊಟ್ಟುಬಂದ ಪಟ್ಟಿಗಳು

ನನ್ನ ಗೆಳೆಯ ತೀರಿಕೊಂಡ ಮೂರನೆಯ ದಿನ ನಮ್ಮ ಕ್ರೈಸ್ತ ಸಭೆಯ ಹಿರಿಯರು ನನ್ನನ್ನು ಕರೆಸಿಕೊಂಡರು. ಸ್ಮರಣೆಯ ಆರಾಧನೆಯಲ್ಲಿ ಓದಲು ಅವನ ಜೀವನ ಚರಿತ್ರೆ ಬರೆದುಕೊಡಬೇಕಂತೆ.

"ಒಂದೇ ಪುಟ ಸಾಕು," ಅಂದರು. "ಹುಟ್ಟಿದ್ದು, ಮದುವೆ ಆಗಿದ್ದು, ದೇವರ ಮೇಲಿದ್ದ ಪ್ರೀತಿ, ಕೊನೆಗಾಲದ ತಾಳ್ಮೆ. ಆಸ್ಪತ್ರೆ ವಿಷಯ ಮಾತ್ರ ಬೇಡ. ಹೋದವನ ಬಗ್ಗೆ ಈಗ ಅದನ್ನೆಲ್ಲ ಯಾಕೆ ಕೆದಕೋದು?"

ನಾನು ಅಚ್ಚುಮನೆಯಲ್ಲಿ ಕರಡು ತಿದ್ದುವವನು. ಇಷ್ಟು ಬರೆ ಅಂದರೆ ಅಷ್ಟೇ ಬರೆಯುವ ಅಭ್ಯಾಸ ಇದೆ. ಹೇಳಿದ ಹಾಗೆಯೇ ಬರೆದು ಅವರಿಗೆ ತೋರಿಸಿದೆ, ಅವರು ಮೆಚ್ಚಿಕೊಂಡರು. ಇದು ಆ ಪುಟವಲ್ಲ.

ಅವನನ್ನು ಎಲ್ಲರೂ ಆವಿಯಣ್ಣ ಅನ್ನುತ್ತಿದ್ದರು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಶಸ್ತ್ರಚಿಕಿತ್ಸೆಯ ಕತ್ತರಿ ಚಿಮಟಗಳನ್ನೂ ಬಟ್ಟೆಗಳನ್ನೂ ಆವಿಯಲ್ಲಿ ಬೇಯಿಸಿ ಶುದ್ಧ ಮಾಡುವ ಕೋಣೆಯಲ್ಲಿ ಅವನು ಹತ್ತೊಂಬತ್ತು ವರ್ಷ ದುಡಿದ. ಕಿಟಕಿ ಇಲ್ಲದ ಕೋಣೆ. ಒಂದು ಗೋಡೆಗೆ ಆಳೆತ್ತರದ ಉಕ್ಕಿನ ಯಂತ್ರ, ಅದಕ್ಕೆ ಚಕ್ರ ತಿರುಗಿಸಿ ಬಿಗಿಮಾಡುವ ದಪ್ಪ ಬಾಗಿಲು. ಆ ಬಾಗಿಲ ಸುತ್ತಲೂ ಹೆಬ್ಬೆರಳು ಗಾತ್ರದ ರಬ್ಬರ್ ಬಳೆಯೊಂದು ಕೂತಿರುತ್ತದೆ, ಅದಕ್ಕೆ ಗ್ಯಾಸ್ಕೆಟ್ ಅನ್ನುತ್ತಾರೆ. ಅದು ಸವೆದರೆ ಆವಿ ಸೋರುತ್ತದೆ, ಬಿಸಿ ಒಳಗೆ ನಿಲ್ಲುವುದಿಲ್ಲ. ಹೊರಗಿನಿಂದ ನೋಡಿದರೆ ಇದ್ಯಾವುದೂ ಗೊತ್ತಾಗುವುದಿಲ್ಲ. ಗೊತ್ತುಮಾಡಿಕೊಳ್ಳಲು ಪ್ರತಿ ಸುತ್ತಿನಲ್ಲೂ ಒಂದು ಪರೀಕ್ಷೆಯ ಗಂಟು ಇಟ್ಟು, ಅದರ ನಟ್ಟನಡುವೆ ಕಾಗದದ ಒಂದು ಪಟ್ಟಿ ಸೇರಿಸುತ್ತಾರೆ. ಆವಿ ಸರಿಯಾದ ಬಿಸಿಯಲ್ಲಿ, ಬೇಕಾದಷ್ಟು ಹೊತ್ತು ಅಲ್ಲಿಗೆ ತಲುಪಿದ್ದರೆ ಪಟ್ಟಿಯ ಮಾಸಲು ಗೆರೆಗಳು ಕಪ್ಪಾಗುತ್ತವೆ. ತಲುಪಿಲ್ಲವಾದರೆ ಕಂದು ಬಣ್ಣಕ್ಕೇ ನಿಂತುಬಿಡುತ್ತವೆ. ಕಪ್ಪಾದ ಪಟ್ಟಿಯನ್ನು ಪುಸ್ತಕಕ್ಕೆ ಅಂಟಿಸಿ ಸಹಿ ಹಾಕಬೇಕು. ಕಂದಾದರೆ ಎಲ್ಲವನ್ನೂ ಮತ್ತೆ ಬೇಯಿಸಬೇಕು.

"ಇದು ಯಾರದ್ದೋ ಹೊಟ್ಟೆ ಒಳಗೆ ಹೋಗೋ ಕತ್ತರಿ ಕಣೋ," ಎಂದು ಒಮ್ಮೆ ನನಗೆ ತೋರಿಸಿದ್ದ. "ಅವನಿಗೆ ಪ್ರಜ್ಞೆ ಇರಲ್ಲ, ನಾನ್ಯಾರು ಅಂತಾನೂ ಗೊತ್ತಿರಲ್ಲ. ನೆರೆಯವನನ್ನ ನಿನ್ನ ಹಾಗೇ ಪ್ರೀತಿಸು ಅಂದಿದ್ದಾರಲ್ಲ, ನನ್ನ ನೆರೆಯವನು ಇವನೇ. ಪಕ್ಕದ ಮನೆಯವರನ್ನ ಪ್ರೀತಿಸೋದು ಬಹಳ ಕಷ್ಟ. ಇದು ಎಷ್ಟೋ ಸುಲಭ, ಮುಖಾನೇ ಕಾಣಲ್ಲ."

ಬೈಬಲಿನ ವಾಕ್ಯವನ್ನು ಅವನು ಹೀಗೆಯೇ ಓದುತ್ತಿದ್ದ, ಹೊಸ ಯಂತ್ರದ ಜೊತೆ ಬರುವ ಕೈಪಿಡಿ ಓದುವ ಹಾಗೆ. ಇದನ್ನು ಮಾಡು ಎಂದಿದ್ದರೆ ಮಾಡುವುದು, ಬೇಡ ಎಂದಿದ್ದರೆ ಬಿಡುವುದು. ನಾನು ಮೂರು ಭಾಷ್ಯ ಓದಿ ಈ ಮಾತಿಗೆ ಆ ಕಾಲದ ಹಿನ್ನೆಲೆ ಇದೆ ಎಂದು ವಿವರಿಸಿದರೆ, "ಅದೆಲ್ಲ ಸರಿ, ನಾಳೆ ಬೆಳಿಗ್ಗೆ ನಾನೇನು ಮಾಡ್ಲಿ ಅದನ್ನ ಹೇಳು" ಅನ್ನುತ್ತಿದ್ದ. ಹೌದು ಎಂದರೆ ಹೌದೇ ಆಗಿರಬೇಕು ಎಂಬ ಮಾತನ್ನು ಹಿಡಿದುಕೊಂಡು, ಐದು ನಿಮಿಷದಲ್ಲಿ ಬರುತ್ತೇನೆ ಎನ್ನುವುದನ್ನೇ ಬಿಟ್ಟಿದ್ದ. "ಬರ್ತೀನಿ, ಎಷ್ಟು ಹೊತ್ತಿಗೆ ಅಂತ ಗೊತ್ತಿಲ್ಲ" ಅನ್ನುತ್ತಿದ್ದ. ಅವನ ಹೆಂಡತಿಗೆ ಇದೆಲ್ಲ ತಮಾಷೆ. ಆಕೆ ಮನೆಯಲ್ಲೇ ಆಸ್ಪತ್ರೆಯ ಹಾಸು ಹೊದಿಕೆ ಹೊಲಿಯುವವಳು. ನನ್ನನ್ನು ಅಣ್ಣ ಅನ್ನುತ್ತಾಳೆ, ನನಗೂ ಅವಳು ತಂಗಿಯೇ.

"ಅಣ್ಣ, ಮದುವೆಯಾದ ಹೊಸದರಲ್ಲಿ ಅಡುಗೆ ಹೇಗಿದೆ ಅಂತ ಕೇಳಿದೆ. ಉಪ್ಪು ಜಾಸ್ತಿ, ಖಾರ ಕಮ್ಮಿ, ಅನ್ನ ಮೆತ್ತಗಾಗಿದೆ ಅಂದ್ರು. ಅವತ್ತಿಂದ ಕೇಳೋದೇ ಬಿಟ್ಟೆ. ಇನ್ನು ಸ್ವಲ್ಪ ದಿನ ಹೋದ್ರೆ ನಮ್ಮನೆ ಚಮಚಕ್ಕೂ ಪಟ್ಟಿ ಇಟ್ಟು ನೋಡ್ತಾರೆ."

"ಚಮಚಕ್ಕೆ ಬೇಡ, ನಿನ್ನ ನಾಲಿಗೆಗೆ ಇಡ್ಬೇಕು. ಕಪ್ಪಾಗೋದು ಗ್ಯಾರಂಟಿ."

ಅವನಿಗೆ ಓದು ಕಲಿಸಿದವರು ಹಿರಿಯರು. ಹದಿನಾರನೆಯ ವಯಸ್ಸಿನಲ್ಲಿ ತಂದೆ ಇಲ್ಲದೆ ಊರಿಗೆ ಬಂದವನನ್ನು ಸಭೆಗೆ ಕರೆತಂದು, ಪ್ರತಿ ಸಂಜೆ ಪಕ್ಕದಲ್ಲಿ ಕೂರಿಸಿಕೊಂಡು ಸಾಲಿನ ಕೆಳಗೆ ಬೆರಳಿಟ್ಟು ಓದಿಸಿದರು. ಆಸ್ಪತ್ರೆಯ ಉಗ್ರಾಣಕ್ಕೂ ಯಂತ್ರಗಳ ದುರಸ್ತಿಗೂ ಅವರೇ ಮೇಲ್ವಿಚಾರಕರು, ಆವಿ ಕೋಣೆಯ ಕೆಲಸ ಕೊಡಿಸಿದವರೂ ಅವರೇ. ಮದುವೆಯಲ್ಲಿ ತಂದೆಯ ಜಾಗದಲ್ಲಿ ನಿಂತರು. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಅವರು ಕೆಟ್ಟವರಾಗಿದ್ದರೆ ಇದು ಇಷ್ಟು ನೋಯುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಆ ಯಂತ್ರದ ಗ್ಯಾಸ್ಕೆಟ್ ಬದಲಿಸುವ ಕಾಲ ಬಂತು. ಇದೆಲ್ಲ ನನಗೆ ಪೂರ್ತಿ ತಿಳಿದದ್ದು ಆಮೇಲೆ. ಹೊಸದಕ್ಕೆ ತಿಂಗಳ ಮೊದಲೇ ಬರೆಯಬೇಕಿತ್ತು, ಹಿರಿಯರು ಮರೆತುಬಿಟ್ಟಿದ್ದರು. ಮರೆತೆ ಎಂದು ಹೇಳಿದ್ದರೆ ಆಗುತ್ತಿತ್ತು. ಬದಲಿಗೆ ಆವಿಯಣ್ಣ ರಜೆ ಹಾಕಿದ್ದ ದಿನ ಹಳೆಯ ಗ್ಯಾಸ್ಕೆಟನ್ನೇ ಬಿಚ್ಚಿಸಿ, ತೊಳೆಸಿ, ಪೌಡರ್ ಹಚ್ಚಿಸಿ ಮತ್ತೆ ಕೂರಿಸಿದರು. ಯಂತ್ರದ ಪುಸ್ತಕದಲ್ಲಿ ಹೊಸದು ಹಾಕಲಾಗಿದೆ ಎಂದು ಬರೆದು ಸಹಿ ಮಾಡಿದರು. ಇನ್ನೆರಡು ವಾರದಲ್ಲಿ ನಿಜವಾದದ್ದು ಬರುತ್ತದೆ, ಬಂದಾಗ ಹಾಕಿದರಾಯಿತು ಎಂದು ಅವರು ಎಣಿಸಿರಬೇಕು. ಬರಲಿಲ್ಲ.

ಅಂದಿನಿಂದ ಪಟ್ಟಿಗಳು ಕಂದಾಗತೊಡಗಿದವು. ದಿನವೂ ಅಲ್ಲ, ಮೂರು ದಿನಕ್ಕೊಮ್ಮೆ, ಎರಡು ದಿನಕ್ಕೊಮ್ಮೆ. ಗ್ಯಾಸ್ಕೆಟ್ ಹೊಸದು ಎಂದು ಪುಸ್ತಕ ಹೇಳುತ್ತಿದ್ದುದರಿಂದ ಆವಿಯಣ್ಣ ಅದನ್ನು ಮುಟ್ಟಲೇ ಇಲ್ಲ. ಕವಾಟ ಬಿಚ್ಚಿದ, ಕೊಳವೆ ಉಜ್ಜಿದ, ನೀರು ಬದಲಿಸಿದ. ಕಂದಾದಾಗಲೆಲ್ಲ ಉಪಕರಣಗಳ ಗಂಟುಗಳನ್ನು ಮತ್ತೆ ಬೇಯಿಸಿದ. ಕೆಲಸ ಎರಡರಷ್ಟಾಯಿತು. ಮೇಲಿನ ಮಹಡಿಯಿಂದ ಫೋನಿನ ಮೇಲೆ ಫೋನು, ಡಾಕ್ಟರುಗಳ ಬೈಗುಳ. ಆ ಕಂದು ಪಟ್ಟಿಗಳನ್ನು ಅವನು ಎಸೆಯದೆ, ಹಿಂಬದಿಯಲ್ಲಿ ತಾರೀಕು ಬರೆದು ಒಂದು ಕವರಿನಲ್ಲಿ ಕೂಡಿಡುತ್ತ ಬಂದ.

ಒಂದು ಬೆಳಿಗ್ಗೆ ತುರ್ತು ಚಿಕಿತ್ಸೆಗೆ ಗಂಟು ಬೇಕಾಯಿತು. ಬಾಗಿಲು ತೆರೆದರೆ ಪಟ್ಟಿ ಕಂದು. ಕಪ್ಪಲ್ಲ, ಆದರೆ ಕಡುಗಂದು. ಹೆಡ್ ನರ್ಸ್ ಬಾಗಿಲಲ್ಲೇ ನಿಂತು ಕೂಗುತ್ತಿದ್ದರು: "ಅಲ್ಲಿ ಮನುಷ್ಯ ಸಾಯ್ತಾ ಇದಾನೆ, ನೀನಿಲ್ಲಿ ಬಣ್ಣ ನೋಡ್ತಾ ಕೂತಿದ್ಯಾ!" ಅವನು ಗಂಟು ಕೊಟ್ಟುಬಿಟ್ಟ. ಹತ್ತೊಂಬತ್ತು ವರ್ಷದಲ್ಲಿ ಅದೊಂದೇ. ಆ ರೋಗಿ ಬದುಕಿಕೊಂಡ, ಆದರೆ ಗಾಯಕ್ಕೆ ಕೀವು ತುಂಬಿ ಎರಡು ತಿಂಗಳು ಮಲಗಿದ. ಆ ಮನೆಯವರು ದೂರು ಕೊಟ್ಟರು. ಆಸ್ಪತ್ರೆ ವಿಚಾರಣೆ ಮಾಡುತ್ತೇವೆಂದಿತು.

ಅದೇ ವಾರ ಆವಿಯಣ್ಣ, ನೋಡಲು ಇನ್ನೇನೂ ಉಳಿಯದೆ, ಗ್ಯಾಸ್ಕೆಟ್ ಬಿಚ್ಚಿದ. ಹಿಂಬದಿಯಲ್ಲಿ ಪೆನ್ನಿನ ಒಂದು ನೀಲಿ ಚುಕ್ಕೆ ಇತ್ತು. ಹಿಂದಿನ ವರ್ಷ ಹಾಕುವಾಗ ಮೇಲು ಯಾವುದು ಕೆಳಗು ಯಾವುದು ತಿಳಿಯಲೆಂದು ಅವನೇ ಇಟ್ಟಿದ್ದ ಚುಕ್ಕೆ.

ಆ ಸಂಜೆ ಅಚ್ಚುಮನೆಗೆ ಬಂದ. ತಾನು ಕಂದು ಗಂಟು ಕೊಟ್ಟದ್ದನ್ನು ಹೇಳಿದ. ಹೇಳುವಾಗ ಅಂಗೈಯನ್ನು ಮೇಜಿಗೆ ಉಜ್ಜುತ್ತಲೇ ಇದ್ದ.

"ಇನ್ನೊಂದು ವಿಷಯ ಇದೆ," ಅಂದ. "ಅದು ಬೇರೆಯವರದು. ನಿನಗೆ ಹೇಳಲ್ಲ."

"ಯಾರದು?"

"ಯಾರದೋ ಅವರಿಗೇ ಮೊದಲು ಹೇಳ್ಬೇಕು. ಸೋದರ ತಪ್ಪು ಮಾಡಿದ್ರೆ ಒಬ್ಬನೇ ಹೋಗಿ ಅವನಿಗೆ ಹೇಳು ಅಂತ ತಾನೆ ಇರೋದು? ಊರಿಗೆಲ್ಲ ಹೇಳಿ ಆಮೇಲೆ ಹೋಗು ಅಂತ ಇಲ್ವಲ್ಲ."

ಗೇಟಿನವರೆಗೂ ಜೊತೆಗೆ ಬಾ ಅಂದ, ಹೋದೆ. ಗೇಟು ಹಿರಿಯರ ಮನೆಯದೇ ಆಗಿತ್ತು. ಅವನ ಕೈಯಲ್ಲಿ ಕಂದು ಬಣ್ಣದ ದಪ್ಪ ಕವರಿತ್ತು. ಅರ್ಧ ಗಂಟೆ ಕಳೆದು ಹೊರಗೆ ಬಂದಾಗ ಕೈ ಬರಿದಾಗಿತ್ತು, ಮುಖ ಹಗುರಾಗಿತ್ತು.

"ಮೊದಲು ನನ್ನದು ಹೇಳಿದೆ. ನನ್ನ ಕಣ್ಣಲ್ಲಿ ಇಷ್ಟು ದೊಡ್ಡದು ಇಟ್ಕೊಂಡು ಅವರ ಕಣ್ಣಿನ ಕಸ ತೆಗೆಯೋಕೆ ಹೋಗೋದು ಸರಿಯಲ್ಲ. ಆಮೇಲೆ ಅವರದು ಹೇಳಿದೆ. ಅತ್ತುಬಿಟ್ರು ಪಾಪ. ವಿಚಾರಣೇಲಿ ನಾನೇ ಹೇಳ್ತೀನಿ, ನೀನು ಏನೂ ಹೇಳಬೇಡ ಅಂದ್ರು."

"ಕವರು?"

"ಕೊಟ್ಟೆ."

"ಯಾಕೆ ಕೊಟ್ಟೆ?"

"ನನ್ನ ಹತ್ರ ಇಟ್ಕೊಂಡ್ರೆ ಅದು ಬೆದರಿಕೆ ಆಗಲ್ವಾ? ಅವರು ಭಯಕ್ಕೆ ಹೇಳಬಾರದು. ತಾವಾಗೇ ಹೇಳ್ಬೇಕು."

ಎರಡೇ ದಿನದಲ್ಲಿ ನಿಜವಾದ ಹೊಸ ಗ್ಯಾಸ್ಕೆಟ್ ಬಂದು ಕೂತಿತು. ಪಟ್ಟಿಗಳೆಲ್ಲ ಕಪ್ಪಾದವು. ಅವನ ಸಂಭ್ರಮ ನೋಡಬೇಕಿತ್ತು. "ನೋಡಿದ್ಯಾ, ಬರೆದಿರೋ ಹಾಗೆ ಮಾಡಿದ್ರೆ ಕೆಲಸ ಮಾಡುತ್ತೆ!" ಎಂದು ದಾರಿಯಲ್ಲೇ ನನ್ನ ಬೆನ್ನಿಗೆ ಗುದ್ದಿದ. ಯಂತ್ರದ ಬಗ್ಗೆ ಹೇಳುತ್ತಿದ್ದಾನೋ ವಾಕ್ಯದ ಬಗ್ಗೆಯೋ ಎಂದು ನಾನು ಕೇಳಲಿಲ್ಲ. ಹಳೆಯ ಗ್ಯಾಸ್ಕೆಟ್ ಎಲ್ಲಿ ಹೋಯಿತು ಎಂದು ಅವನೂ ಕೇಳಲಿಲ್ಲ.

ವಿಚಾರಣೆಗೆ ಮೂರು ದಿನ ಮೊದಲು ನಮ್ಮ ವಾರದ ಪ್ರಾರ್ಥನಾ ಕೂಟ. ನಮ್ಮ ಸಭೆ ಸೇರುವುದು ಬೀಗದ ಅಂಗಡಿಯ ಮೇಲಿನ ಮಹಡಿಯಲ್ಲಿ. ನಲವತ್ತು ಮಡಚುವ ಕುರ್ಚಿ, ಒಂದು ಪೀಠ, ಗಿರಕಿ ಹೊಡೆಯುವಾಗ ಟಕಟಕ ಅನ್ನುವ ಎರಡು ಫ್ಯಾನು. ಆಸ್ಪತ್ರೆಯ ಮ್ಯಾನೇಜರೂ ನಮ್ಮ ಸಭೆಯವರೇ, ಹೆಡ್ ನರ್ಸೂ. ಅಂದು ಎಲ್ಲರೂ ಇದ್ದರು. ಆವಿಯಣ್ಣ ನನ್ನ ಪಕ್ಕ ಕೂತು, ತನ್ನ ಅಭ್ಯಾಸದಂತೆ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟಿದ್ದ. ಹಿರಿಯರು ಕಣ್ಣು ಮುಚ್ಚಿ ಪ್ರಾರ್ಥಿಸತೊಡಗಿದರು. ನಾವೂ ಕಣ್ಣು ಮುಚ್ಚಿದೆವು.

"ಕರ್ತನೇ, ಆಸ್ಪತ್ರೆಯ ಆವಿ ಕೋಣೆಯಲ್ಲಿ ದುಡಿಯುವ ನಮ್ಮ ಸೋದರನನ್ನು ನಿನ್ನ ಸನ್ನಿಧಿಗೆ ತರುತ್ತೇವೆ. ಅವನು ನನ್ನ ಬಳಿಗೆ ಬಂದು ಕಣ್ಣೀರಿನಿಂದ ತನ್ನ ಅಜಾಗರೂಕತೆಯನ್ನು ಅರಿಕೆ ಮಾಡಿಕೊಂಡಿದ್ದಾನೆ. ಅವನ ಕೈಯಿಂದ ಒಬ್ಬ ರೋಗಿ ಸಾವಿನ ಬಾಗಿಲಿಗೆ ಹೋಗಿ ಬಂದ. ಕರ್ತನೇ, ಅವನನ್ನು ಕ್ಷಮಿಸು. ಬೇರೆಯವರ ಮೇಲೆ ತಪ್ಪು ಹೊರಿಸುವ ಪ್ರಲೋಭನೆಯಿಂದ ಅವನನ್ನು ಕಾಪಾಡು. ಎಲ್ಲರ ಮುಂದೆ ಒಪ್ಪಿಕೊಳ್ಳುವ ಧೈರ್ಯ ಕೊಡು."

ಹಿಂದಿನ ಸಾಲಿನಲ್ಲಿ ಯಾರೋ ಮೂಗು ಎಳೆದುಕೊಂಡರು. ಪ್ರಾರ್ಥನೆ ಮುಗಿದ ಕೂಡಲೇ ನಲವತ್ತು ಬಾಯಿ ಒಟ್ಟಿಗೆ ಆಮೆನ್ ಅಂದವು. ನಾನೂ ಅಂದೆ. ಮೂವತ್ತು ವರ್ಷದಿಂದ ಪ್ರಾರ್ಥನೆ ಮುಗಿದರೆ ಆಮೆನ್ ಅಂದುಕೊಂಡು ಬಂದ ಬಾಯಿ, ಕೇಳಿದ್ದೇನು ಎಂದು ತಲೆಗೆ ಹೋಗುವ ಮೊದಲೇ ಅಂದುಬಿಟ್ಟಿತು. ಹಾಗೆಯೇ ಆಗಲಿ, ಇದು ನಿಜ ಎಂಬುದು ಆ ಮಾತಿನ ಅರ್ಥ. ಕಣ್ಣು ತೆರೆದಾಗ ನನ್ನ ಮೊಣಕಾಲಿನ ಮೇಲೆ ಕೈ ಇರಲಿಲ್ಲ.

ಮೆಟ್ಟಿಲಿಳಿಯುವಾಗ ಜನ ಅವನ ಭುಜ ತಟ್ಟಿದರು. "ಧೈರ್ಯವಾಗಿರು ಬ್ರದರ್, ಒಪ್ಕೊಂಡಿದ್ದೀಯಲ್ಲ, ಅದೇ ದೊಡ್ಡದು." ಅವನ ಮನೆಗೆ ಹೋದ ಮೇಲೆ ನಾನೇ ಕೇಳಿದೆ.

"ಅಲ್ಲೇ ಎದ್ದು ಹೇಳ್ಬೇಕಿತ್ತು. ಯಾಕೆ ಸುಮ್ಮನಿದ್ದೆ?"

"ಅವರು ದೇವರ ಜೊತೆ ಮಾತಾಡ್ತಿದ್ರಲ್ಲೋ. ಮಧ್ಯ ಹೇಗೆ ಬಾಯಿ ಹಾಕೋದು?"

ಹೊಲಿಗೆ ಯಂತ್ರದ ಮುಂದಿದ್ದ ಹೆಂಡತಿ ದಾರ ಕಚ್ಚಿ ತುಂಡು ಮಾಡಿದಳು. "ದೇವರ ಜೊತೆ ಅಲ್ಲ ರೀ. ಮ್ಯಾನೇಜರ್ ಜೊತೆ ಮಾತಾಡ್ತಿದ್ರು. ಕಣ್ಣು ಮುಚ್ಕೊಂಡು."

ಅವನು ಆಗಲೂ ನಂಬಲಿಲ್ಲ. ನನ್ನದನ್ನು ಮಾತ್ರ ಪ್ರಾರ್ಥನೆಯಲ್ಲಿ ಹೇಳಿದರು, ತಮ್ಮದನ್ನು ವಿಚಾರಣೆಯಲ್ಲಿ ಹೇಳುತ್ತಾರೆ ಎಂದುಕೊಂಡ.

ವಿಚಾರಣೆಯ ಹಿಂದಿನ ದಿನ ಮಧ್ಯಾಹ್ನ ಹಿರಿಯರು ಅಚ್ಚುಮನೆಗೆ ಬಂದರು. ಕುರ್ಚಿ ಎಳೆದುಕೊಂಡು ಕೂತು, ಮೇಜಿನ ಮೇಲಿದ್ದ ಕರಡನ್ನು ಸ್ವಲ್ಪ ಹೊತ್ತು ಓದಿದರು.

"ಮ್ಯಾನೇಜರ್ ಕರೆದು ಕೇಳಿದ್ದಕ್ಕೆ ನಾಳೆ ಸಾಕ್ಷಿಗೆ ನಿನ್ನ ಹೆಸರು ಹೇಳಿದಾನಂತೆ. ಏನೋ ಕವರ್ ತಂದುಕೊಟ್ಟೆ ಅಂತಾನೆ. ಅದರ ಒಳಗೆ ಏನಿತ್ತು, ನೀನು ನೋಡಿದ್ಯೇನಪ್ಪ?"

"ಇಲ್ಲ."

"ನನ್ನ ಕೈಗೆ ಕೊಟ್ಟಿದ್ದು ನೋಡಿದ್ಯಾ?"

"ಇಲ್ಲ, ಗೇಟಿನ ಹತ್ರ ಇದ್ದೆ."

"ನೀನು ಓದಿದವನು. ಕಂಡಿದ್ದಕ್ಕಿಂತ ಒಂದು ಕೂದಲೆಳೆ ಹೆಚ್ಚು ಹೇಳಿದ್ರೂ ಸುಳ್ಳು ಸಾಕ್ಷಿ ಆಗುತ್ತೆ, ಅದು ನಿನಗೆ ನಾನು ಹೇಳಿಕೊಡಬೇಕಾಗಿಲ್ಲ." ಭುಜದ ಮೇಲೆ ಕೈಯಿಟ್ಟು ಎದ್ದು ಹೋದರು.

ಮರುದಿನ ಮ್ಯಾನೇಜರರ ಕೋಣೆಯಲ್ಲಿ ಉದ್ದ ಮೇಜು, ಅದರ ಆಚೆ ಮೂರು ಜನ, ಪಕ್ಕದಲ್ಲಿ ಹಿರಿಯರು. ಗ್ಯಾಸ್ಕೆಟ್ ಹೊಸದೇ ಎಂದು ಹಿರಿಯರು ಪುಸ್ತಕ ತೋರಿಸಿದರು. ಈಗ ಯಂತ್ರದಲ್ಲಿದ್ದದ್ದು ಹೊಸದೇ ಆಗಿತ್ತಲ್ಲ. ಯಾವ ಪಟ್ಟಿಯನ್ನೂ ತಮಗೆ ಯಾರೂ ಕೊಟ್ಟಿಲ್ಲ ಎಂದರು. ಆವಿಯಣ್ಣ ಅವರ ಮುಖವನ್ನೇ ನೋಡುತ್ತ ನಿಂತ. ಸಿಟ್ಟಿನಿಂದ ಅಲ್ಲ, ಅಕ್ಷರ ಕೂಡಿಸಿ ಓದುವವರು ಪುಟ ನೋಡುತ್ತಾರಲ್ಲ, ಹಾಗೆ.

ಮ್ಯಾನೇಜರು ನನ್ನ ಕಡೆ ತಿರುಗಿದರು. "ಇವರು ಕವರ್ ತಗೊಂಡು ಹಿರಿಯರ ಮನೆಗೆ ಹೋಗಿದ್ದನ್ನ ನೀವು ನೋಡಿದ್ರಾ?"

ನಾನು ನೋಡಿದ್ದೆ. ಕೇಳಿದ್ದು ಅಷ್ಟೇ, ಕಂಡದ್ದನ್ನು ಮಾತ್ರ. ಒಳಗೇನಿತ್ತು ಎಂದು ಕೇಳಿರಲಿಲ್ಲ. ಹಿರಿಯರು ನನ್ನ ಕಡೆಗೆ ಮೃದುವಾಗಿ ನೋಡುತ್ತಿದ್ದರು.

"ನೆನಪಿಲ್ಲ," ಅಂದೆ.

ಆವಿಯಣ್ಣನನ್ನು ಕೆಲಸದಿಂದ ತೆಗೆದರು. ಅವನ ಕಡತದಲ್ಲಿ ಬರೆದದ್ದು ಇಷ್ಟು: ಅಜಾಗರೂಕತೆಯಿಂದ ಸತತವಾಗಿ ಅಶುದ್ಧ ಉಪಕರಣ ಕಳುಹಿಸಿದ್ದಾರೆ, ಸ್ವತಃ ಒಪ್ಪಿಕೊಂಡಿದ್ದಾರೆ. ಕೆಲಸ ಹೋದದ್ದಕ್ಕೆ ಅವನು ಯಾರನ್ನೂ ದೂರಲಿಲ್ಲ. ಕಂದು ಗಂಟು ಕೊಟ್ಟವನು ನಾನು, ಅದಕ್ಕೆ ಶಿಕ್ಷೆ ಆಗಬೇಕಾದದ್ದೇ ಅನ್ನುತ್ತಿದ್ದ. ಕೊರೆಯುತ್ತಿದ್ದದ್ದು 'ಸತತವಾಗಿ' ಎಂಬ ಆ ಒಂದು ಪದ. "ಒಂದು ಸಲ ಕಣೋ. ಒಂದೇ ಸಲ. ಉಳಿದಿದ್ದೆಲ್ಲ ನಾನು ಮತ್ತೆ ಬೇಯಿಸಿದೀನಿ. ಆ ಪದ ಒಂದು ತೆಗೆದುಬಿಟ್ರೆ ಸಾಕಾಗಿತ್ತು." ನೀನು ಕರಡು ತಿದ್ದುವವನಲ್ಲವೇ ಎಂದು ಅವನು ಹೇಳಲಿಲ್ಲ.

ಮುಂದಿನ ವಾರ ಅವನ ಮನೆಗೆ ಹೋಗಿ, ನೆನಪಿತ್ತು, ಹೆದರಿ ಇಲ್ಲ ಅಂದೆ ಎಂದು ಹೇಳಿಕೊಂಡೆ. ಅವನು ನಕ್ಕ.

"ಗೊತ್ತು ಬಿಡೋ. ಎರಡನೇ ಕ್ಲಾಸಿನ ಪದ್ಯ ಪೂರ್ತಿ ಹೇಳೋನಿಗೆ ಒಂದು ವಾರದ ಹಿಂದಿನ ಕವರ್ ಮರೆತುಹೋಗುತ್ತಾ?" ಆಮೇಲೆ ಗಂಭೀರನಾಗಿ, "ಕ್ಷಮಿಸಿದೀನಿ. ಮನಸ್ಸಲ್ಲಿ ಇಟ್ಕೋಬೇಡ. ಆದ್ರೆ..." ಎಂದು ನಿಲ್ಲಿಸಿದ.

ಆದರೆ ಏನು ಎಂದು ನಾನು ಕೇಳಲಿಲ್ಲ. ಕ್ಷಮೆ ಸಿಕ್ಕಿತಲ್ಲ, ಅದನ್ನು ಎತ್ತಿಕೊಂಡು ಮನೆಗೆ ಬಂದೆ.

ಅವನು ಬಟ್ಟೆ ತೊಳೆಯುವ ಅಂಗಡಿಯೊಂದರಲ್ಲಿ ಇಸ್ತ್ರಿಗೆ ಸೇರಿದ. ಅಲ್ಲೂ ಆವಿಯ ಪೆಟ್ಟಿಗೆಯೇ. "ಹೆಂಡತಿ ಬಿಟ್ರೂ ಬಿಟ್ಟಾಳು, ಆವಿ ನನ್ನ ಬಿಡಲ್ಲ" ಅನ್ನುತ್ತಿದ್ದ. ಸಭೆಗೆ ಬರುವುದನ್ನು ನಿಲ್ಲಿಸಲಿಲ್ಲ. ಹಿರಿಯರ ಕೈ ಕುಲುಕುತ್ತಿದ್ದ, ಆರಾಧನೆ ಮುಗಿದ ಮೇಲೆ ಒಂದು ನಿಮಿಷ ಅವರ ಎದುರಿಗೆ ಸುಮ್ಮನೆ ನಿಲ್ಲುತ್ತಿದ್ದ. ಅವರು ಹವೆಯ ಬಗ್ಗೆ, ಕೆಮ್ಮಿನ ಬಗ್ಗೆ ವಿಚಾರಿಸಿ ಮುಂದೆ ಹೋಗುತ್ತಿದ್ದರು. ಮೂರು ವರ್ಷ ಹೀಗೆಯೇ ನಿಂತ. ಯಾಕೆ ಹಾಗೆ ನಿಲ್ಲುತ್ತೀಯ ಎಂದಾಗ, "ಹೇಳ್ಬೇಕು ಅಂತ ಅವರಿಗೆ ಅನಿಸಿದಾಗ ನಾನು ಅಲ್ಲಿ ಇರ್ಬೇಕಲ್ಲ" ಅಂದ.

ಕೆಮ್ಮು ಬಿಡಲಿಲ್ಲ. ಶ್ವಾಸಕೋಶದಲ್ಲಿ ಗಡ್ಡೆ ಎಂದು ಗೊತ್ತಾಗುವಷ್ಟರಲ್ಲಿ ಮಾಡಲು ಹೆಚ್ಚೇನೂ ಉಳಿದಿರಲಿಲ್ಲ. ತೀರಿಕೊಳ್ಳುವುದಕ್ಕೆ ನಾಲ್ಕು ದಿನ ಮುಂಚೆ ಹಿರಿಯರು ಮನೆಗೆ ಬಂದರು. ಬೆಳಗಿನ ಹತ್ತು ಗಂಟೆ. ಮಂಚದ ಪಕ್ಕ ಕೂತು ಪ್ರಾರ್ಥಿಸಿದರು. ಆವಿಯಣ್ಣ ಅವರ ಕೈ ಬಿಡದೆ, ಒಂದೊಂದು ಮಾತಿಗೂ ಉಸಿರೆಳೆದುಕೊಂಡು ಕೇಳಿದ:

"ಇನ್ನೇನಾದ್ರೂ... ಹೇಳೋದಿದ್ಯಾ... ಹಿರಿಯರೇ?"

ಅವರ ತುಟಿ ಅಲುಗಿದ್ದನ್ನು ನಾನು ಕಂಡೆ. ಬಾಗಿಲ ಹತ್ತಿರ ನಾನಿದ್ದೆ, ಹೆಂಡತಿ ಇದ್ದಳು. ಅವರು ನಮ್ಮಿಬ್ಬರನ್ನೂ ನೋಡಿ, ಮತ್ತೆ ಅವನ ಕಡೆ ಬಗ್ಗಿದರು.

"ದೇವರು ನಿನ್ನನ್ನ ಕ್ಷಮಿಸಿದಾನೆ ಕಣಪ್ಪ. ಸಮಾಧಾನವಾಗಿರು."

ಅವನು ಕೈ ಬಿಟ್ಟ. ಆಮೇಲೆ ಗೋಡೆಯ ಕಡೆ ತಿರುಗಿಕೊಂಡ. ಆ ನಾಲ್ಕು ದಿನ ವಾಕ್ಯ ಓದಲೇ ಎಂದು ಹೆಂಡತಿ ಕೇಳಿದರೆ ಬೇಡ ಎಂದು ತಲೆ ಅಲ್ಲಾಡಿಸುತ್ತಿದ್ದ. ಕೊನೆಗಾಲದ ತಾಳ್ಮೆ ಎಂದು ನಾನು ಆ ಒಂದು ಪುಟದಲ್ಲಿ ಬರೆದದ್ದು ಈ ದಿನಗಳನ್ನು.

ಆ ಪುಟವನ್ನು ಆರಾಧನೆಯ ಹಿಂದಿನ ದಿನ ತಂಗಿಗೆ ಓದಿ ಹೇಳಿದೆ. ಅವನ ಅಂಗಿಗಳನ್ನು ಮಡಚುತ್ತ ಕೊನೆಯವರೆಗೂ ಕೇಳಿದಳು.

"ಚೆನ್ನಾಗಿದೆ ಅಣ್ಣ. ಯಾರ ಬಗ್ಗೆ ಬರೆದಿದೀರಿ?"

ನಾನು ಪುಟವನ್ನು ಮಡಚಿ ಜೇಬಿಗಿಟ್ಟೆ.

"ಒಬ್ಬನೇ ಹೋಗಿ ಹೇಳು ಅಂತ ಇದೆ, ಸರಿ. ಕೇಳದಿದ್ರೆ ಆಮೇಲೇನು ಮಾಡ್ಬೇಕು ಅಂತ ಇದೆ, ನಿಮಗೆ ಗೊತ್ತಲ್ಲ?"

"ಒಬ್ಬರನ್ನೋ ಇಬ್ಬರನ್ನೋ ಸಾಕ್ಷಿಗೆ ಕರ್ಕೊಂಡು ಮತ್ತೆ ಹೋಗ್ಬೇಕು. ಆಗಲೂ ಕೇಳದಿದ್ರೆ ಸಭೆಗೆ ಹೇಳ್ಬೇಕು."

"ಮೂರು ವರ್ಷ ಯಾಕೆ ಹೋಗಲಿಲ್ಲ ಅವರು? ನಾನು ದಿನಾ ಜಗಳ ಆಡ್ತಿದ್ದೆ. ಏನು ಹೇಳ್ತಿದ್ರು ಗೊತ್ತಾ? ಸಾಕ್ಷಿ ಇರೋದು ಒಬ್ಬನೇ, ಅವನಾಗಿ ಬರ್ತೀನಿ ಅನ್ಲಿ, ನಾನಾಗಿ ಕೇಳಿದ್ರೆ ಕ್ಷಮಿಸಿದ್ದಕ್ಕೆ ಬಾಡಿಗೆ ಕೇಳಿದ ಹಾಗಾಗುತ್ತೆ ಅಂತ." ಮಡಚಿದ ಅಂಗಿಯನ್ನು ಬಿಡಿಸಿ ಮತ್ತೆ ಮಡಚಿದಳು. "ಅವರು ಹಿರಿಯರಿಗೆ ಮಾತ್ರ ಕಾಯ್ತಿದ್ರು ಅಂದ್ಕೊಂಡಿದ್ರಾ?"

ಅವನ ಮೇಲೆ ನನಗೆ ಸಿಟ್ಟು ಬಂತು, ಈಗಲೂ ಇದೆ. ಒಂದು ಮಾತು ಕೇಳಬಹುದಿತ್ತು. ಪ್ರತಿ ಭಾನುವಾರ ಪಕ್ಕದಲ್ಲೇ ಕೂರುತ್ತಿದ್ದ.

ಸ್ಮರಣೆಯ ಆರಾಧನೆಯಲ್ಲಿ ನಾನು ಆ ಪುಟವನ್ನು ಓದಿದೆ. ಮದುವೆಯವರೆಗೆ ಬಂದು, ಆಮೇಲೆ ಬರೆಯದೆ ಬಿಟ್ಟದ್ದನ್ನು ಹೇಳಿದೆ. ನೀಲಿ ಚುಕ್ಕೆ, ಕಂದು ಪಟ್ಟಿ, ಕವರು, ಗೇಟು. ನೆನಪಿಲ್ಲ ಎಂದು ನಾನು ಹೇಳಿದ್ದು ಸುಳ್ಳು ಎಂದೂ ಹೇಳಿದೆ. ಕುರ್ಚಿಗಳು ಕಿರುಗುಟ್ಟಿದವು. ಮುಂದಿನ ಸಾಲಿನಲ್ಲಿದ್ದ ಹಿರಿಯರು ಎದ್ದು ನಿಂತು ಎರಡೂ ಕೈ ಎತ್ತಿದರು.

"ದುಃಖದಲ್ಲಿ ಮನುಷ್ಯ ಏನೇನೋ ಆಡ್ತಾನೆ. ಎಲ್ಲರೂ ಪ್ರಾರ್ಥಿಸೋಣ."

ಕಣ್ಣುಗಳು ತಾವಾಗಿಯೇ ಮುಚ್ಚಿಕೊಂಡವು, ತಲೆಗಳು ಬಾಗಿದವು. "ಕರ್ತನೇ," ಎಂದು ಹಿರಿಯರು ಶುರುಮಾಡಿದರು.

"ಕಣ್ಣು ತೆಗೀರಿ ಹಿರಿಯರೇ."

ತಂಗಿ ಎದ್ದು ನಿಂತಿದ್ದಳು. ಪ್ರಾರ್ಥನೆಯ ನಡುವೆ ಒಬ್ಬರು ಮಾತಾಡಿದ್ದನ್ನು ನಮ್ಮ ಸಭೆಯಲ್ಲಿ ನಾನು ಕೇಳಿದ್ದು ಅದೇ ಮೊದಲು.

"ದೇವರು ಕಾಯ್ತಾನೆ, ಅವನಿಗೆ ಅಭ್ಯಾಸ ಇದೆ. ಮೊದಲು ನನಗೆ ಹೇಳಿ. ನಮ್ಮನೆಯವರು ಕೊಟ್ಟ ಪಟ್ಟಿಗಳು ಎಲ್ಲಿ?"

ಹಿರಿಯರು ಕಣ್ಣು ತೆರೆದರು. ಎಪ್ಪತ್ತು ದಾಟಿದ ಮುಖ, ಬೆವರಿತ್ತು. ಸಿದ್ಧ ಮಾಡಿಕೊಂಡ ಮಾತು ಅವರ ಬಳಿ ಇರಲಿಲ್ಲ.

"ಅವು ಈಗ ನನ್ನ ಹತ್ರ ಇಲ್ಲಮ್ಮ," ಅಂದರು.

ಈಗ. ಆಡಿದ ಮೇಲೆ ಅವರಿಗೂ ಕೇಳಿಸಿತು. ಹಾಗೆಯೇ ಕುರ್ಚಿಯ ಮೇಲೆ ಕೂತುಬಿಟ್ಟರು. ಆ ದಿನ ಪ್ರಾರ್ಥನೆ ಇಲ್ಲದೆ ಆರಾಧನೆ ಮುಗಿಯಿತು.

ಮೂರನೆಯ ಸಾಲಿನಲ್ಲಿದ್ದ ಮ್ಯಾನೇಜರು ಕೆಳಗೆ ರಸ್ತೆಯಲ್ಲಿ ನಮ್ಮನ್ನು ತಡೆದರು. ಹಿರಿಯರ ಆ ಮಾತು ಕೇಳಿದವರು ಬರೆದು ಸಹಿ ಹಾಕಿಕೊಟ್ಟರೆ ಕಡತವನ್ನು ಮತ್ತೆ ತೆರೆಯಬಹುದು, ತಾವೇ ಕೇಳಿಸಿಕೊಂಡದ್ದನ್ನು ತಾವು ಬರೆಯುವಂತಿಲ್ಲ, ತೀರ್ಮಾನ ಮಾಡುವವನೇ ಸಾಕ್ಷಿಯಾಗಲು ಬರುವುದಿಲ್ಲ ಎಂದರು. ನಾನು ಬರೆದುಕೊಂಡು ಮನೆಮನೆಗೆ ಹೋದೆ. ಅಂದು ಕುರ್ಚಿ ಒಂದೂ ಖಾಲಿ ಇರಲಿಲ್ಲ. ಒಬ್ಬರಿಗೆ ಫ್ಯಾನಿನ ಸದ್ದಿನಲ್ಲಿ ಕೇಳಿಸಿರಲಿಲ್ಲ. ಒಬ್ಬರಿಗೆ 'ಈಗ' ಎಂಬ ಪದ ಇತ್ತೋ ಇಲ್ಲವೋ ಅನುಮಾನ. "ನಾನು ಕಣ್ಣು ಮುಚ್ಚಿದ್ದೆ," ಎಂದು ಒಬ್ಬರು ಹೇಳಿದರು, ಕಿವಿಯೂ ಅದರ ಜೊತೆಗೇ ಮುಚ್ಚಿಕೊಳ್ಳುತ್ತದೆ ಎಂಬಂತೆ. "ವಯಸ್ಸಾದವರು, ಈಗ ಇದೆಲ್ಲ ಬೇಕಾ?" ಎಂದು ಹಲವರು ಕೇಳಿದರು. ಅವನ ಶವದ ಮುಂದೆ ಅತ್ತವರೇ ಇವರೆಲ್ಲ. ಆವಿಯಣ್ಣನಂಥವನು ಇನ್ನೊಬ್ಬ ಸಿಗುವುದಿಲ್ಲ ಎಂದವರು.

ಹೆಡ್ ನರ್ಸ್ ಮಾತ್ರ ಬಾಗಿಲಲ್ಲೇ ಕಾಗದ ತೆಗೆದುಕೊಂಡು, ಓದಿ, ಸಹಿ ಹಾಕಿದರು. ಅವತ್ತು ಬೆಳಿಗ್ಗೆ ಗಂಟಿಗಾಗಿ ಕೂಗಿದ್ದು ನಾನು ಎಂದು ಕೆಳಗೆ ತಾವಾಗಿಯೇ ಒಂದು ಸಾಲು ಸೇರಿಸಿದರು.

ಹೀಗೆ ಮೂರು ಸಹಿ: 'ಈಗ' ಕೇಳಿದ್ದಕ್ಕೆ ತಂಗಿಯದು, ಹೆಡ್ ನರ್ಸ್ ಅವರದು, ನನ್ನದು. ಹಿರಿಯರಿಗೆ ಸುದ್ದಿ ಮುಟ್ಟಿತು. ಇದನ್ನು ಎಲ್ಲರ ಮುಂದೆ ಆಡುವ ಬದಲು ನನ್ನ ಬಳಿ ಒಬ್ಬರೇ ಬಂದು ಹೇಳಬಹುದಿತ್ತಲ್ಲ ಎಂದು ಯಾರ ಮೂಲಕವೋ ಹೇಳಿಕಳಿಸಿದರು.

"ಬಂದಿದ್ರಲ್ಲ," ಅಂದಳು ತಂಗಿ. ಅಷ್ಟೇ ಹೇಳಿ ಹೊಲಿಗೆ ಮುಂದುವರಿಸಿದಳು.

ಮೊನ್ನೆ ಕಾಗದವನ್ನು ಮ್ಯಾನೇಜರರಿಗೆ ಕೊಟ್ಟೆ. ಎರಡು ಸಲ ಓದಿದರು. ಮೂರು ಸಹಿ ಸಾಕಾಗುತ್ತದೋ ಇಲ್ಲವೋ ನೋಡಬೇಕು ಎಂದರು. ಆಮೇಲೆ ಹಳೆಯ ಕಡತ ತೆಗೆಸಿ, ಪುಟ ತಿರುಗಿಸಿ, ನನ್ನ ಕಡೆ ನೋಡಿದರು.

"ಇಲ್ಲಿ ನೀವು ನೆನಪಿಲ್ಲ ಅಂದಿದ್ದೀರಿ."

"ನೆನಪಿತ್ತು."

"ಹಾಗಾದ್ರೆ ಅದನ್ನೂ ಬರೆದುಕೊಡಿ."

ಅವರ ಮೇಜಿನ ಈಚೆ ಕೂತು ಬರೆದೆ. ಕವರು ಕಂಡದ್ದು, ಅವನು ಬರಿಗೈಯಲ್ಲಿ ಬಂದದ್ದು, ಕೇಳಿದಾಗ ಸುಳ್ಳು ಹೇಳಿದ್ದು. ಕೆಳಗೆ ಸಹಿ ಹಾಕಿ ತಾರೀಕು ಬರೆಯುವಾಗ, ಇದು ಅವನು ಸತ್ತ ಹತ್ತೊಂಬತ್ತನೆಯ ದಿನ ಎಂಬುದು ಕಣ್ಣಿಗೆ ಬಿತ್ತು. 'ಸತತವಾಗಿ' ಎಂಬ ಆ ಪದ ಕಡತದಲ್ಲಿ ಇನ್ನೂ ಇದೆ.